ಕಂಪೈಲರ್ ಹೆಸರಿನಲ್ಲೊಂದು ಸತ್ಕಾರ

‘ನೀವು ಏನು ಮಾಡುತ್ತೀರಿ’ ಎಂದು ಕೇಳಿದಾಗ ಒಂದೇ ಮಾತಿನಲ್ಲಿ ಉತ್ತರ ಕೊಡಬಲ್ಲವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸೊಲ್ಲಾಪುರದಲ್ಲಿ ನನ್ನ ಮಾವನವರದೂ ಗಂಡನದೂ ಚಾದರ, ಟವೆಲುಗಳ ಅಂಗಡಿ. ಟವೆಲ್ ಎಂದರೆ ಸಾಕು, ಕೇಳಿದವರಿಗೆ ಎಲ್ಲವೂ ತಿಳಿದುಬಿಡುತ್ತದೆ. ನಾನು ಮುಂಜಾನೆ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಅಲ್ಲಿಯವರೆಗೆ ನನಗೂ ತೊಂದರೆಯಿಲ್ಲ. ಮಧ್ಯಾಹ್ನ ಮನೆಗೆ ಬಂದು ಮಾಡುವ ಎರಡನೆಯ ಕೆಲಸದ್ದೇ ಫಜೀತಿ. ಅದು ಕಂಪೈಲರಿನ ಕೆಲಸ. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸುವ ಇನ್ನೊಂದು ಪ್ರೋಗ್ರಾಮಿಗೆ ಕಂಪೈಲರ್ ಎನ್ನುತ್ತಾರೆ. ತಿರುಗಿಸುವಾಗಲೇ ಅದು ದಂಡದ ಕೆಲಸಗಳನ್ನು ಹುಡುಕಿ ತೆಗೆದು, ಪ್ರೋಗ್ರಾಮು ಚುರುಕಾಗಿ ಓಡುವಂತೆ ಮಾಡುತ್ತದೆ. ಈ ಚುರುಕು ಮಾಡುವ ಭಾಗವನ್ನು ನಾನಾ ದೇಶಗಳ ಜನ ಕೂಡಿ ದಿನವೂ ತಿದ್ದುತ್ತಿರುತ್ತಾರೆ. ಅದು ಯಾರೊಬ್ಬರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಕೈ ಹಾಕಬಹುದು. ಹಾಗೆ ಕೈ ಹಾಕಿದವರಲ್ಲಿ ನಾನೂ ಒಬ್ಬಳು. ಸಂಬಳವಿಲ್ಲ. ಈ ಕೊನೆಯ ಮಾತನ್ನು ವ್ಯಾಪಾರಸ್ಥರ ಮನೆಯಲ್ಲಿ ಹೇಳಬಾರದಿತ್ತು.

“ಪುಕ್ಕಟೆ ಮಾಡ್ತಿ?” ಎಂದು ಮಾವನವರು ಓದುತ್ತಿದ್ದ ಪೇಪರನ್ನು ಮಡಿಸಿಟ್ಟು ಕೇಳಿದರು. “ಯಾರ ಸಲುವಾಗಿ?”

“ಎಲ್ಲಾರ ಸಲುವಾಗಿರಿ, ಮಾಮಾ. ಯಾರು ಬೇಕಾದ್ರೂ ಉಪಯೋಗಿಸಬಹುದು.”

ಅವರು ಸ್ವಲ್ಪ ಹೊತ್ತು ಯೋಚಿಸಿ, “ಅಂದ್ರ ಸೇವಾ ಅನ್ನು,” ಎಂದರು. ಅಲ್ಲಿಗೆ ಅವರ ಮನಸ್ಸು ಹಗುರವಾಯಿತು. ಅಂದಿನಿಂದ ನಾನು ಲ್ಯಾಪ್‌ಟಾಪ್ ತೆರೆದರೆ ಸಾಕು, “ಟೀವಿ ಸಣ್ಣದು ಮಾಡ್ರಿ, ನಮ್ಮ ವಿದ್ಯಾ ಸೇವಾಕ್ಕ ಕೂತಾಳ,” ಎಂದು ಮನೆಯವರನ್ನೆಲ್ಲ ಗದರಿಸುತ್ತಿದ್ದರು. ಬೇರೆ ಯಾವ ದೇಶದಲ್ಲೂ ಕಂಪೈಲರ್ ತಿದ್ದುವವರಿಗೆ ಇಷ್ಟು ಮರ್ಯಾದೆ ಸಿಕ್ಕಿರಲಾರದು.

ನನ್ನ ಸೇವೆ ಏನೆಂದರೆ ಇಷ್ಟೇ. ಕಂಪೈಲರು ಪ್ರೋಗ್ರಾಮನ್ನು ಒಂದರ ನಂತರ ಒಂದು ಹಂತದಲ್ಲಿ ತಿದ್ದುತ್ತದೆ. ಒಂದೊಂದು ಹಂತ ಮುಗಿದಾಗಲೂ ಏನು ಎಲ್ಲಿದೆ ಎಂದು ಇಡೀ ಪ್ರೋಗ್ರಾಮನ್ನು ಮತ್ತೆ ಮೊದಲಿನಿಂದ ನೋಡಿಕೊಂಡು ಬರುತ್ತದೆ. ‘ನಾನು ಏನನ್ನೂ ಮುಟ್ಟಿಲ್ಲ’ ಎಂದು ಒಂದು ಹಂತ ತಾನೇ ಹೇಳುತ್ತಿರುವಾಗ, ಮತ್ತೆ ನೋಡುವ ದಂಡವೇಕೆ ಎಂಬುದು ನನ್ನ ವಾದ. ಅದನ್ನು ತಪ್ಪಿಸುವ ಒಂದು ಸಣ್ಣ ಬದಲಾವಣೆ ಬರೆದು ಕಳಿಸಿದೆ. ಹೊಸ ಸೊಸೆಯ ಅಡುಗೆಯನ್ನೂ ಯಾರೂ ಇಷ್ಟು ಪರೀಕ್ಷೆ ಮಾಡಿರಲಾರರು. ಬಂದ ಬದಲಾವಣೆಗಳನ್ನು ನೋಡಿ ಒಪ್ಪುವವರು ದೂರದೇಶದ ಒಬ್ಬ ಹಿರಿಯರು, ಬಹಳ ಸೌಜನ್ಯದ ಮನುಷ್ಯ. ‘ವಿಚಾರ ಚೆನ್ನಾಗಿದೆ’ ಎಂದು ಶುರು ಮಾಡಿ, ಹೆಸರು ಬದಲಿಸಿ ಎನ್ನುವರು. ಬದಲಿಸಿದರೆ, ಮೊದಲಿನ ಹೆಸರೇ ಇರಲಿ ಎನ್ನುವರು. ಟಿಪ್ಪಣಿಯ ಕೊನೆಗೆ ಪೂರ್ಣವಿರಾಮ ಬಿಟ್ಟುಹೋಗಿದೆ ಎಂದು ತಿಳಿಸುವರು. ಕಾಲೇಜಿನ ಹುಡುಗರ ಉತ್ತರಪತ್ರಿಕೆಗಳಲ್ಲಿ ನಾನು ಪೂರ್ಣವಿರಾಮ ಹುಡುಕತೊಡಗಿದ್ದು ಆಗಲೇ. ನಾನು ಎಲ್ಲವನ್ನೂ ತಿದ್ದಿ ಮುಗಿಸುವಷ್ಟರಲ್ಲಿ ಬೇರೆ ಯಾರೋ ಆ ಹಂತಗಳ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿರುತ್ತಿದ್ದರು. ನಾನು ಮತ್ತೆ ಮೊದಲಿನಿಂದ ಹೊಂದಿಸಬೇಕು. ಹೀಗೆ ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು.

ಕೊನೆಗೊಂದು ದಿನ ನನ್ನ ಬದಲಾವಣೆ ಕಂಪೈಲರಿನಲ್ಲಿ ಸೇರಿತು. ನಾನು ತಡೆಯಲಾರದೆ ಚಹಾದ ಹೊತ್ತಿನಲ್ಲಿ, “ಮಾಮಾ, ನಾ ಬರದದ್ದು ಒಳಗ ತಗೊಂಡ್ರು,” ಎಂದುಬಿಟ್ಟೆ. ಮಾವನವರು ಕೂಡಲೇ ಅಕ್ಕಲಕೋಟದಲ್ಲಿರುವ ತಮ್ಮ ತಂಗಿಗೆ ಫೋನ್ ಮಾಡಿದರು. ನಾವೆಲ್ಲ ಆತ್ಯಾ ಎಂದು ಕರೆಯುವ ಆ ಹೆಣ್ಣುಮಗಳು ಹೊಲಮನೆಯ ಯಜಮಾನಿಕೆಯ ಜೊತೆಗೆ ಮಹಿಳಾ ಮಂಡಳವನ್ನೂ ನಡೆಸುವವರು. ಅವರಿಗೆ ಫೋನಿನಲ್ಲಿ ಏನು ಕೇಳಿಸಿತೋ ಗೊತ್ತಿಲ್ಲ, ಬರುವ ರವಿವಾರ ಮಂಡಳದಿಂದ ನನ್ನ ಸತ್ಕಾರ ಎಂದು ಗೊತ್ತುಮಾಡಿದರು. ನಾನು ಬೇಡವೆಂದೆ. ಅಂದರೆ, ಒಂದು ಸಲ ಬೇಡವೆಂದು, ಯಾವ ಸೀರೆ ಉಡಲಿ ಎಂದು ಕಪಾಟು ತೆರೆದೆ.

ರವಿವಾರ ಮುಂಜಾನೆ ಮಾವನವರೂ ನಾನೂ ಎಸ್‌ಟಿ ಬಸ್ ಹಿಡಿದೆವು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನೆಗಳನ್ನು ದಾಟುತ್ತಿರುವಾಗ ನನ್ನ ಫೋನು ಗುಂಯ್ ಎಂದಿತು. ಆ ಹಿರಿಯರ ಸಂದೇಶ. ಒಂದು ಬಗೆಯ ಯಂತ್ರಗಳ ಮೇಲೆ ನನ್ನ ಬದಲಾವಣೆಯಿಂದ ಪ್ರೋಗ್ರಾಮುಗಳು ತಪ್ಪು ಉತ್ತರ ಕೊಡುತ್ತಿವೆ. ಸದ್ಯಕ್ಕೆ ಅದನ್ನು ತೆಗೆದಿದ್ದೇವೆ. ಬೇಸರ ಮಾಡಿಕೊಳ್ಳಬೇಡಿ, ಧನ್ಯವಾದಗಳು. ಈ ಕೆಲಸದಲ್ಲಿ ಇದು ದಿನನಿತ್ಯದ ಮಾತು. ಮೊದಲು ತೆಗೆಯುವುದು, ಆಮೇಲೆ ವಿಚಾರಿಸುವುದು. ಬೇರೆಯವರ ಕೆಲಸವನ್ನು ತೆಗೆದಾಗ ಅದು ಎಷ್ಟು ವಿವೇಕದ ಪದ್ಧತಿ ಎಂದು ನಾನೇ ಹುಡುಗರಿಗೆ ಪಾಠದಲ್ಲಿ ಹೇಳಿದ್ದೇನೆ. ಬಸ್ಸಿನಲ್ಲಿ ಮಾತ್ರ ಕಣ್ಣಲ್ಲಿ ನೀರು ಬಂತು.

“ಏನಾತವಾ?” ಎಂದರು ಮಾವನವರು.

“ವಾಪಸ್ ಕಳಿಸ್ಯಾರ, ಮಾಮಾ. ತಪ್ಪು ಸಿಕ್ಕೇದಂತ.”

ಅವರು ಕಿಟಕಿಯ ಕಡೆಗೆ ತಿರುಗಿದರು. ಸಮಾಧಾನದ ಮಾತು ಹುಡುಕುತ್ತಿದ್ದಾರೆ ಎಂದು ನಾನು ಕಾದೆ. “ಆತ್ಯಾ ಹೋಳಿಗಿ ಮಾಡಿಸ್ಯಾಳಲ್ಲ,” ಎಂದರು ಕಡೆಗೆ. “ಊಟಾ ಆದಮ್ಯಾಲ ಹೇಳಿದ್ರ ನಡೀತದ.”

ಸಭಾಗೃಹದಲ್ಲಿ ಕುರ್ಚಿಗಳು ತುಂಬಿದ್ದವು. ವೇದಿಕೆಯ ಮೇಲೆ ಮೈಕು ಹಿಡಿದಿದ್ದವನು ಆತ್ಯಾರ ಮಗ ಪ್ರಕಾಶ. ಊರಿನ ಮರಾಠಿ ಶಾಲೆಯಲ್ಲಿ ಮಾಸ್ತರನಾದ ಅವನು ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ನನ್ನನ್ನು ಪರಿಚಯಿಸಿದ. “ಜಗತ್ತಿನ್ಯಾಗ ಎಷ್ಟು ಕಂಪ್ಯೂಟರ್ ಅವ, ಅವೆಲ್ಲಾ ಇನ್ನಮ್ಯಾಲ ಜೋರಾಗಿ ಓಡ್ತಾವ. ಯಾಕಂದ್ರ ನಮ್ಮ ವಿದ್ಯಾ ವಹಿನಿ ಅವನ್ನ ದುರುಸ್ತ ಮಾಡ್ಯಾರ,” ಎಂದ. ಆತ್ಯಾ ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ಆ ಶಾಲು ಹೆಗಲ ಮೇಲೆ ಬಿದ್ದಾಗ, ಊಟದವರೆಗೆ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದಾಗದು ಎಂದು ಗೊತ್ತಾಯಿತು. ಮೈಕು ತೆಗೆದುಕೊಂಡೆ. “ನಿಮಗ ಖರೇ ಹೇಳಬೇಕು. ನಾ ಮಾಡಿದ್ದು ಅವರು ಒಳಗ ತಗೊಂಡಿದ್ರು. ಇವತ್ತ ಮುಂಜಾನಿ ಅದನ್ನ ವಾಪಸ್ ತಗೊಂಡಾರ,” ಎಂದೆ.

ಮುಂದಿನ ಸಾಲಿನಲ್ಲಿ ಮಾವನವರು ಕಣ್ಣು ಮುಚ್ಚಿಕೊಂಡರು. ಕನ್ನಡ ತಿಳಿಯದವರ ಸಲುವಾಗಿ ಪ್ರಕಾಶ ನನ್ನ ಮಾತನ್ನು ಮರಾಠಿಗೆ ತಿರುಗಿಸಿದ: “ತ್ಯಾಂನೀ ಪರತ ಘೇತಲಂ.” ಅವನು ತಪ್ಪು ಹೇಳಲಿಲ್ಲ. ಆದರೆ ಮರಾಠಿಯ ‘ಪರತ’ ಎಂಬ ಮಾತಿಗೆ ಹಿಂದಕ್ಕೆ ಎಂದೂ ಅರ್ಥವಿದೆ, ಮತ್ತೊಮ್ಮೆ ಎಂದೂ ಅರ್ಥವಿದೆ. ಮರಾಠಿಯವರೇ ಹೆಚ್ಚಿದ್ದ ಸಭೆ ತನಗೆ ಬೇಕಾದ ಅರ್ಥವನ್ನು ಆರಿಸಿಕೊಂಡಿತು. ಇವಳ ಕೆಲಸವನ್ನು ಅವರು ಒಮ್ಮೆ ತೆಗೆದುಕೊಂಡು ತೃಪ್ತಿಯಾಗದೆ ಇಂದು ಮತ್ತೊಮ್ಮೆ ತೆಗೆದುಕೊಂಡಿದ್ದಾರೆ ಎಂದು ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿತು. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಪ್ರಕಾಶ ಮೈಕು ಇಸಿದುಕೊಂಡು ಆಭಾರ ಮಂಡಿಸಿಬಿಟ್ಟ. ಕೆಳಗಿಳಿದರೆ ಒಬ್ಬ ಹೆಣ್ಣುಮಗಳು, “ಅಕ್ಕಾರ, ನಂದು ಭಾಳ ಹ್ಯಾಂಗ್ ಆಗ್ತದ ನೋಡ್ರಿ,” ಎಂದು ತನ್ನ ಫೋನನ್ನು ನನ್ನ ಕೈಗಿಟ್ಟಳು. ಅದರಲ್ಲಿ ತುಂಬಿಕೊಂಡಿದ್ದ ಶುಭೋದಯದ ಚಿತ್ರಗಳನ್ನು ಅಳಿಸಿಕೊಟ್ಟೆ. ಅಂದು ನಾನು ನಿಜವಾಗಿ ಚುರುಕು ಮಾಡಿದ್ದು ಅದೊಂದನ್ನೇ.

ಊಟಕ್ಕೆ ಕೂತಾಗ ಆತ್ಯಾ ನನ್ನ ಪಕ್ಕಕ್ಕೆ ಬಂದು ಕೂತರು. ಎಲೆಗೆ ಶೇಂಗಾ ಹೋಳಿಗೆ ಹಾಕುತ್ತ ಸಣ್ಣ ದನಿಯಲ್ಲಿ, “ಮಂದಿಗೆ ತಿಳೀಲಿಲ್ಲ, ನನಗ ತಿಳೀತು. ತಿರುಗಿ ಕಳಿಸ್ಯಾರ, ಹೌದಿಲ್ಲೋ?” ಎಂದರು.

“ಹೌದ್ರಿ ಆತ್ಯಾ.” ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವಳಂತೆ ನಾನು ಎಲ್ಲವನ್ನೂ ಹೇಳಿದೆ. ಬಸ್ಸಿನಿಂದಿಳಿದ ಮೇಲೆ ಫೋನಿನಲ್ಲೇ ವಿವರ ಓದಿದ್ದೆ. ಹಂತಗಳಲ್ಲೊಂದು ತಾನು ಏನನ್ನೂ ಮುಟ್ಟಿಲ್ಲ ಎಂದು ಹೇಳುತ್ತಲೇ ಒಂದು ಸಾಲನ್ನು ಅತ್ತಿತ್ತ ಸರಿಸುತ್ತಿತ್ತು. ಮೊದಲು ಎಲ್ಲವನ್ನೂ ಮತ್ತೆ ನೋಡುತ್ತಿದ್ದುದರಿಂದ ಅದು ಮುಚ್ಚಿಹೋಗುತ್ತಿತ್ತು. ನಾನು ಅದರ ಮಾತನ್ನು ನಂಬಿದೆ, ತಪ್ಪು ಹೊರಗೆ ಬಂತು.

“ಅಂದ್ರ ಸುಳ್ಳು ಹೇಳಿದ್ದು ಅದು?”

“ಹೌದ್ರಿ.”

“ಮತ್ತ ನಿನ್ನ ಯಾಕ ಹೊರಗ ಹಾಕ್ಯಾರ? ಅದನ್ನ ಹಾಕಬೇಕಿತ್ತು.” ಆತ್ಯಾಗೆ ಸಿಟ್ಟು ಬಂದಿತ್ತು. ಇನ್ನೊಂದು ಹೋಳಿಗೆ ಬಿತ್ತು, ಅದರ ಮೇಲೆ ತುಪ್ಪ ಬಿತ್ತು. “ಶಾಲು ಮಾತ್ರ ವಾಪಸ್ ಕೊಡಬ್ಯಾಡ. ನಾ ಮುತ್ತೈದೆ ಕೈಲೆ ಹೊದಿಸೀನಿ.”

ಕಂಪೈಲರಿನ ವಿಷಯದಲ್ಲಿ ಅಷ್ಟು ನಿಸ್ಸಂದೇಹವಾಗಿ ನನ್ನ ಪರವಾಗಿ ಮಾತಾಡಿದವರು ಅವರೊಬ್ಬರೇ. ಆ ಧೈರ್ಯದಲ್ಲಿ ಮರುದಿನದಿಂದ ಕೂತು, ಸುಳ್ಳು ಹೇಳುತ್ತಿದ್ದ ಆ ಹಂತವನ್ನು ತಿದ್ದಿದೆ. ಇಂಥ ಹಂತಗಳನ್ನು ಹಿಡಿಯಲು ಒಂದು ಪರೀಕ್ಷೆಯನ್ನೂ ಬರೆದೆ. ಹಿರಿಯರು ಪೂರ್ಣವಿರಾಮಗಳನ್ನೆಲ್ಲ ನೋಡಿ ಮುಗಿಸಿದ ಮೇಲೆ, ಮೊನ್ನೆ ಸೋಮವಾರ ನನ್ನ ಬದಲಾವಣೆ ಕಂಪೈಲರಿನಲ್ಲಿ ಸೇರಿತು. ಈ ಸಲ ಯಂತ್ರಗಳಾವುವೂ ದೂರು ಹೇಳಿಲ್ಲ.

ಬುದ್ಧಿ ಬಂದಿತ್ತಲ್ಲ, ಯಾರಿಗೂ ಹೇಳಬಾರದೆಂದು ನಿರ್ಧರಿಸಿದೆ. ಕೆಲಸ ಆಗುವುದು ಮುಖ್ಯ, ಡಂಗುರವಲ್ಲ. ಮಧ್ಯಾಹ್ನದವರೆಗೆ ನನ್ನ ವೈರಾಗ್ಯದ ಬಗ್ಗೆ ನನಗೇ ಗೌರವವಿತ್ತು. ಮುಖ ನೋಡಿಯಾದರೂ ಯಾರಾದರೂ ಕೇಳುತ್ತಾರೆಂದುಕೊಂಡೆ. ಗಂಡ ಜಿಎಸ್‌ಟಿ ಬಗ್ಗೆ ಮಾತಾಡಿದ, ಮಾವನವರು ಪೇಪರಿನಿಂದ ತಲೆಯೆತ್ತಲಿಲ್ಲ. ಸಂಜೆಯ ಹೊತ್ತಿಗೆ ಈ ಮನೆಯಲ್ಲಿ ನನ್ನ ಸೇವೆಗೆ ಕಿಮ್ಮತ್ತೇ ಇಲ್ಲ ಎನ್ನಿಸತೊಡಗಿತು. ಮಾವನವರ ಮುಂದೆ ಚಹಾ ಇಟ್ಟು, ಸುಮ್ಮನೆ ಕೇಳುವವಳಂತೆ ಕೇಳಿದೆ:

“ಮಾಮಾ, ಅಕ್ಕಲಕೋಟಕ್ಕ ಫೋನ್ ಮಾಡಿ ಭಾಳ ದಿನಾ ಆತಲ್ರಿ?”