ಉಲ್ಟಾ ಮಂಕರಿ ಬ್ಯಾಂಡು

ಮಾಂಬಳ್ಳಿಯ ಚನ್ನಾಜಮ್ಮ ತಾನು ಹೆಣೆದ ನಾಲ್ಕು ಬಿದಿರ ಮಂಕರಿಗಳಿಗೆ ಸಗಣಿ ಬಳಿಯದೆ ಹಾಗೇ ಕೊಟ್ಟುಬಿಟ್ಟಿದ್ದರೆ, ಆ ಭಾನುವಾರ ಕೊಳ್ಳೇಗಾಲದ ಶಾಂತರಾಜುವಿಗೆ ಅಂಥ ಫಜೀತಿ ಆಗುತ್ತಲೇ ಇರಲಿಲ್ಲ.

“ನಾಕು ಮಂಕ್ರಿ ಬೇಕು ಅಂದಿದ್ದೆ. ಸಗಣಿ ಯಾಕವ್ವಾ ಬಳ್ದೆ?” ಎಂದು ಬೆಳಗ್ಗೆ ಹತ್ತು ಗಂಟೆಗೆ ಅವಳ ಜಗಲಿಯ ಮುಂದೆ ನಿಂತು ಶಾಂತರಾಜು ಗೋಳಾಡಿದ.

“ಬಳೀದೆ ಕೊಟ್ರೆ ರಾಗಿ ಸೋರೋಗಕಿಲ್ವಾ? ದೊಡ್ಡೋರಿಗೆ ಕೊಡದು, ಚೆಂದಾಗಿರ್ಲಿ ಅಂದೋನು ನೀನೇಯ. ಅದ್ಕೇ ಎಲ್ರಿಗೂ ಒಂದು ಕೈ ಬಳುದ್ರೆ ನಿನಗೆ ಎರಡು ಕೈ ಬಳ್ದಿವ್ನಿ. ಒಂದು ಸಾಸ್ವೆ ಕಾಳೂ ಆಚೆ ಬರಾಕಿಲ್ಲ.”

“ರಾಗಿಗಲ್ಲ ಕಣವ್ವಾ. ತಲೆಗೆ ಆಕ್ಕಳಕೆ.”

ಚನ್ನಾಜಮ್ಮ ಅವನ ತಲೆಯನ್ನೊಮ್ಮೆ ನೋಡಿದಳು, ಮಂಕರಿಯನ್ನೊಮ್ಮೆ ನೋಡಿದಳು. ಕನ್ನಡಕ ಹಾಕಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ, ಐವತ್ತು ದಾಟಿದ ರೇಷ್ಮೆ ನೇಕಾರ. ನೋಡಿದರೆ ಮರ್ಯಾದಸ್ಥನ ಹಾಗೇ ಇದ್ದಾನೆ. “ಮನೇಲಿ ಎಲ್ಲಾರೂ ಚೆಂದಾಗವ್ರಾ?” ಎಂದು ಮೆಲ್ಲಗೆ ವಿಚಾರಿಸಿದಳು.

ಅವಳಿಗೆ ಗೊತ್ತಾಗದಿದ್ದರೂ ನಮಗೆ ಗೊತ್ತಾಗಬೇಕು. ಮೂವತ್ತನಾಲ್ಕು ವರ್ಷದ ಹಿಂದೆ ಈ ಸೀಮೆಯ ನಾಲ್ಕು ಜನ ಹುಡುಗರು ಒಂದು ಬ್ಯಾಂಡು ಕಟ್ಟಿದ್ದರು. ಉಳಿದ ಆರ್ಕೆಸ್ಟ್ರಾದವರೆಲ್ಲ ಸಿನಿಮಾ ಹಾಡು ಹಾಡಿಕೊಂಡಿದ್ದರೆ ಇವರದೇ ಒಂದು ದಾರಿ. ಒಂದು ಪುಟ್ಟ ಕೀಬೋರ್ಡು, ಒಂದು ಎಣ್ಣೆ ಡಬ್ಬ, ಒಂದು ಕಂಡಕ್ಟರ್ ವಿಷಲ್ಲು. ಹಾಡುಗಾರ ಮಾತ್ರ ಕರೆಂಟ್ ಮೀಟರ್ ಓದುವವನಂತೆ ಏರಿಳಿತವಿಲ್ಲದ ದನಿಯಲ್ಲಿ ಬಸ್ ಸೀಟಿನ ಮೇಲೆ, ರೇಷನ್ ಕಾರ್ಡಿನ ಮೇಲೆ, ಸುಟ್ಟುಹೋದ ಫ್ಯೂಸಿನ ಮೇಲೆ ಹಾಡುತ್ತಿದ್ದ. ಮೈಸೂರಿನಲ್ಲಿ ಓದಿ ಬಂದವರು ಯಾರೋ ಇದಕ್ಕೆ ‘ನ್ಯೂ ವೇವ್’ ಅನ್ನುತ್ತಾರೆ ಎಂದರು. ಅಪ್ಪಂದಿರಿಗೆ ಗೊತ್ತಾದರೆ ಚರ್ಮ ಸುಲಿಯುತ್ತಾರೆಂಬ ಭಯಕ್ಕೆ ನಾಲ್ವರೂ ಬಿದಿರ ಮಂಕರಿಯನ್ನು ಬೋರಲು ಮಾಡಿ ಕತ್ತಿನವರೆಗೆ ಇಳಿಬಿಟ್ಟುಕೊಂಡು ವೇದಿಕೆ ಹತ್ತುತ್ತಿದ್ದರು. ಹಾಗಾಗಿ ಅದು ‘ಉಲ್ಟಾ ಮಂಕರಿ’ ಬ್ಯಾಂಡು. ಹನ್ನೊಂದು ಕಾರ್ಯಕ್ರಮ ಕೊಟ್ಟರು, ಒಂದು ಕ್ಯಾಸೆಟ್ ತಂದರು. ಹನೂರಿನಲ್ಲಿ ಕೊನೆಯ ಕಾರ್ಯಕ್ರಮ ಮುಗಿಸಿ ಮಾಯವಾದವರು ಯಾರು, ಯಾವ ಊರಿನವರು ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಊರು ಮರೆಯಿತು. ಮೂವತ್ತೇಳು ಜನ ಮಾತ್ರ ಮರೆಯಲಿಲ್ಲ. ಅವರದೊಂದು ಅಭಿಮಾನಿ ಸಂಘ. ಹನೂರಿನ ನಿವೃತ್ತ ಬಸ್ ಕಂಡಕ್ಟರ್ ಗುರುಸ್ವಾಮಿ ಅಧ್ಯಕ್ಷ, ಯಳಂದೂರಿನ ನಿವೃತ್ತ ಮೇಷ್ಟ್ರಮ್ಮ ವಸಂತಮ್ಮ ಕಾರ್ಯದರ್ಶಿ. ವರ್ಷಕ್ಕೊಮ್ಮೆ ಸೇರಿ, ಚಿತ್ರಾನ್ನ ತಿಂದು, ಆ ಒಂದೇ ಕ್ಯಾಸೆಟ್ಟನ್ನು ಎರಡೂ ಕಡೆ ಕೇಳಿ, ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು.

ಈ ಮೂವತ್ತೇಳರಲ್ಲಿ ಬ್ಯಾಂಡನ್ನು ಕಣ್ಣಾರೆ ಕಾಣದವನು ಶಾಂತರಾಜು ಒಬ್ಬನೇ. ಹನೂರಿನ ಕಾರ್ಯಕ್ರಮದ ದಿನ ಯಾರದೋ ಮದುವೆ ಸೀರೆ ಮುಗಿಯಬೇಕೆಂದು ಅವನ ಅಪ್ಪ ಅವನನ್ನು ಮಗ್ಗದಿಂದ ಏಳಲು ಬಿಟ್ಟಿರಲಿಲ್ಲ. ಪದ ಒಂದೂ ಬಿಡದೆ ಎಲ್ಲ ಹಾಡೂ ಅವನಿಗೆ ಬಾಯಿಪಾಠ. ಲಾಳಿ ಎಸೆಯುವುದೂ ಅದೇ ತಾಳಕ್ಕೆ. ಆದರೂ ಸಂಘದಲ್ಲಿ ಅವನ ಹೆಸರು ‘ಕ್ಯಾಸೆಟ್ ಶಾಂತರಾಜು’. “ನೀನು ಸುಮ್ನಿರ್ಲಾ, ನೀನೇನ್ ನೋಡಿದ್ದೀಯಾ?” ಎಂದು ಗುರುಸ್ವಾಮಿ ಅಂದಾಗಲೆಲ್ಲ ಅವನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು.

ಹೀಗಿರುವಾಗ ಹೋದ ತಿಂಗಳು ಸಂಘದ ವಿಳಾಸಕ್ಕೆ ಒಂದು ಕಾಗದ ಬಂತು. ಹೆಸರಿಲ್ಲ, ರುಜು ಇಲ್ಲ, ಕೆಳಗೆ ಬೋರಲು ಮಂಕರಿಯ ಒಂದು ಚಿತ್ರ. ‘ಸಾಯುವ ಮುಂಚೆ ಒಂದು ಸಲ ಹಾಡೋಣ ಅನ್ನಿಸಿದೆ. ಕೊಳ್ಳೇಗಾಲದಲ್ಲಿ ಒಂದು ಹಾಲ್ ನೋಡಿ ಪೋಸ್ಟರ್ ಅಂಟಿಸಿ. ಮುಂದಿನ ತಿಂಗಳ ಮೊದಲ ಭಾನುವಾರ ಸಂಜೆ ನಾಲ್ಕಕ್ಕೆ ಹಿಂದಿನ ಬಾಗಿಲಿಂದ ಬರುತ್ತೇವೆ. ವೇದಿಕೆಯ ಮೇಲೆ ಕೀಬೋರ್ಡು, ಎಣ್ಣೆ ಡಬ್ಬ, ವಿಷಲ್ಲು, ಕೋಣೆಯಲ್ಲಿ ನಾಲ್ಕು ಮಂಕರಿ ಇರಲಿ. ನಮ್ಮ ಮುಖ ನೋಡಲು ಯಾರೂ ಪ್ರಯತ್ನಿಸಬಾರದು.’

ಗುರುಸ್ವಾಮಿ ಅದನ್ನು ಓದಿ ಕುಸಿದು ಕೂತ. ವಸಂತಮ್ಮ ದೇವರ ಮನೆಯಲ್ಲಿಟ್ಟು ಕುಂಕುಮ ಹಚ್ಚಿದರು. ಮಂಕರಿ ತರುವ ಜವಾಬ್ದಾರಿಯನ್ನು ಶಾಂತರಾಜು ಕೈಕಾಲು ಹಿಡಿದು ತಾನೇ ವಹಿಸಿಕೊಂಡ. ಈ ಭಾನುವಾರ ಅವನ ಕಣ್ಣು ತಣಿಯಬೇಕಿತ್ತು. ಮೂವತ್ತನಾಲ್ಕು ವರ್ಷದಲ್ಲಿ ಅವನು ದೇವರನ್ನು ಕೇಳಿಕೊಂಡದ್ದು ಅದೊಂದನ್ನೇ.

ಈಗ ನೋಡಿದರೆ ಮಂಕರಿಗಳು ಗೋಡೆ ಸಾರಿಸಿದಂತೆ ಮುಚ್ಚಿಕೊಂಡು ಕೂತಿವೆ. ಹಾಕಿಕೊಂಡವರಿಗೆ ಕಣ್ಣು ಕಾಣುವುದು ಹೇಗೆ? ಅದೂ ಸಾಲದೆಂದು ಹಸಿ ಸಗಣಿಯ ಮಂಕರಿ ಕೊಟ್ಟರೆ ತನ್ನ ಹೆಸರು ಕೆಡುತ್ತದೆಂದು ಚನ್ನಾಜಮ್ಮ ಹಠ ಹಿಡಿದಳು. ಬಿಸಿಲಿಗಿಟ್ಟು ಒಣಗುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆಯಾಯಿತು. ಕಣ್ಣಿನ ತೂತುಗಳನ್ನು ಹಾಲ್‌ಗೆ ಹೋಗಿ ಕೊರೆದರಾಯಿತೆಂದು ಚಾಕು, ಸೀಮೆಸುಣ್ಣ ಜೇಬಿಗಿಳಿಸಿ ಅವನು ಬಸ್ಸು ಹತ್ತಿದ.

ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರು. ಹಿಂದಿನ ಸೀಟಿನ ಹೆಂಗಸು ಒಂದೊಂದನ್ನೂ ಬೆರಳಿಂದ ತಟ್ಟಿ ನೋಡಿ, “ಯಾವಳೋ ಪುಣ್ಯಾತ್ಗಿತ್ತಿ ಚೆಂದಾಗಿ ಸಾರ್ಸವ್ಳೆ, ನಂಗೊಂದು ಕೊಡಿ” ಎಂದು ದಾರಿಯುದ್ದಕ್ಕೂ ಪೀಡಿಸಿದಳು. ಅರ್ಧ ದಾರಿಯಲ್ಲಿ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಹೊರಟಿದ್ದ ಕಬ್ಬಿನ ಟ್ರ್ಯಾಕ್ಟರ್ ರಸ್ತೆಗೆ ಅಡ್ಡಲಾಗಿ ಮಗುಚಿಕೊಂಡಿತ್ತು. ಜನ ಇಳಿದು ನೆಮ್ಮದಿಯಾಗಿ ಕಬ್ಬು ಸಿಗಿಯತೊಡಗಿದರು. ಶಾಂತರಾಜು ಮಂಕರಿಗಳನ್ನು ಒಂದರೊಳಗೊಂದು ಪೇರಿಸಿ ತಲೆಯ ಮೇಲಿಟ್ಟುಕೊಂಡು ಓಡಿದ. ಮುಂದೆ ಹಾಲಿನ ವ್ಯಾನಿನವನೊಬ್ಬ ಕನಿಕರಪಟ್ಟು ಹತ್ತಿಸಿಕೊಂಡ.

ಅವನು ಹಿಂದಿನ ಬಾಗಿಲಿಂದ ಕೋಣೆ ಹೊಕ್ಕಾಗ ನಾಲ್ಕಕ್ಕೆ ಹತ್ತು ನಿಮಿಷ. ಹಾಲ್ ಗಿಜಿಗುಡುತ್ತಿತ್ತು. ಸಂಘದವರು ತಮ್ಮ ಮಕ್ಕಳು, ಬೀಗರು, ಅಕ್ಕಪಕ್ಕದವರನ್ನೆಲ್ಲ ಎಳೆದುತಂದಿದ್ದರು. ಅವನ ಹೆಂಡತಿ ಪುಷ್ಪ ಒಲ್ಲದ ಮನಸ್ಸಿನಿಂದ ಬಂದು ಮುಂದಿನ ಸಾಲಿನಲ್ಲಿ ಅವನಿಗೂ ಒಂದು ಕುರ್ಚಿ ಹಿಡಿದು ಕೂತಿದ್ದಳು.

ಕಣ್ಣು ಎಲ್ಲಿಗೆ ಬರುತ್ತದೆಂದು ಗುರುತು ಹಾಕದೆ ತೂತು ಕೊರೆಯುವುದು ಹೇಗೆ? ಶಾಂತರಾಜು ಒಂದು ಮಂಕರಿಯನ್ನು ತಲೆಗೆ ಇಳಿಸಿಕೊಂಡು ಹೊರಗಿನಿಂದ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ತೆಗೆಯಲು ಹೋದರೆ ಬರಲಿಲ್ಲ. ಒಳಗಿನ ಬಿದಿರ ಸೀಳೊಂದು ಕನ್ನಡಕದ ಕಡ್ಡಿಗೂ ಕಿವಿಗೂ ನಡುವೆ ತೂರಿಕೊಂಡಿತ್ತು. ಎಳೆದರೆ ಕಿವಿ ಕಿತ್ತು ಬರುವಂತಿತ್ತು.

ಅಷ್ಟರಲ್ಲಿ ಬಾಗಿಲ ಸದ್ದಾಯಿತು. ಯಾರೋ ದಬಕ್ಕನೆ ಅವನ ಕಾಲಿಗೆ ಬಿದ್ದರು.

“ಅಣ್ಣಾ, ಬಂದ್ರಾ,” ಎಂದಿತು ಗುರುಸ್ವಾಮಿಯ ದನಿ. ಅಳುತ್ತಿದ್ದ.

“ಗುರುಸ್ವಾಮಣ್ಣ, ನಾನು ಕಣಣ್ಣ, ಇದ್ನ ಸ್ವಲ್ಪ ತೆಗೀ,” ಎಂದು ಶಾಂತರಾಜು ಕೂಗಿದ. ಎರಡು ಕೈ ಸಗಣಿಯ ಒಳಗಿಂದ ಹೊರಬಿದ್ದದ್ದು ಬರೀ ಗುಂಯ್ ಎಂಬ ಸದ್ದು. ಅವನು ಮಂಕರಿಗೆ ಕೈ ಹಾಕಿದ್ದೇ ತಡ, ಗುರುಸ್ವಾಮಿ ಆ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡ.

“ಬ್ಯಾಡಿ ಅಣ್ಣ, ಮಕ ತೋರುಸ್ಬ್ಯಾಡಿ. ಕಣ್ ಮುಚ್ಕಂಡಿವ್ನಿ. ಮಾತು ಅಂದ್ರೆ ಮಾತು. ಮಿಕ್ಕೋರು ಬಂದಿಲ್ವಾ? ಜನ ಕುರ್ಚಿ ಕುಟ್ತಾವ್ರೆ, ನೀವು ಯೋಚ್ನೆ ಮಾಡ್ಬ್ಯಾಡಿ, ಬನ್ನಿ,” ಎಂದು ಹೇಳುತ್ತಾ ಅವನನ್ನು ನಡೆಸಿಕೊಂಡು ಹೋಗಿ ಎಲ್ಲೋ ನಿಲ್ಲಿಸಿ, ಕೈಗೆ ಮೈಕು ಕೊಟ್ಟು ಮಾಯವಾದ.

ಕತ್ತಲು, ಸಗಣಿ ವಾಸನೆ, ಬೆವರು. ಕೆಳಗೆ ಬಗ್ಗಿದರೆ ತನ್ನ ಕಾಲಿನ ಎರಡು ಹೆಬ್ಬೆರಳು ಮಾತ್ರ ಕಾಣುತ್ತಿದ್ದವು. ಓಡಿಹೋಗೋಣವೆಂದು ಅವನು ತಿರುಗುವಷ್ಟರಲ್ಲಿ ಎಡಗಡೆಯಿಂದ ಕೀಬೋರ್ಡು ನುಡಿಯಿತು. ಬಲಗಡೆ ಎಣ್ಣೆ ಡಬ್ಬ ಗುಡುಗಿತು. ಬೆನ್ನ ಹಿಂದೆ ವಿಷಲ್ಲು ಎರಡು ಸಲ ಊದಿತು.

ಶಾಂತರಾಜುವಿನ ಮೈ ಜುಮ್ಮೆಂದಿತು. ಬಂದಿದ್ದಾರೆ. ಮಿಕ್ಕ ಮೂವರೂ ಬಂದಿದ್ದಾರೆ. ಹಾಡುಗಾರ ಒಬ್ಬನೇ ತಪ್ಪಿಸಿಕೊಂಡಿದ್ದಾನೆ, ಅವನ ಜಾಗದಲ್ಲಿ ತಾನು ನಿಂತಿದ್ದೇನೆ. ಪರದೆ ಎಳೆದ ಸದ್ದು, ಅದರ ಬೆನ್ನಿಗೇ ಇಡೀ ಹಾಲ್ ಹುಯಿಲೆದ್ದ ಸದ್ದು. ಅವನು ಮೈಕನ್ನು ಮಂಕರಿಯ ಅಡಿಯಿಂದ ಬಾಯಿಗೆ ತೂರಿಸಿಕೊಂಡ. ಹಾಡು ತಾನಾಗಿಯೇ ಬಂತು.

“ಕಿಟಕೀಲಿ ಕರ್ಚೀಫು ಹಾಕಿವ್ನಿ, ಸೀಟು ನಂದು, ಊರು ಗೊತ್ತಿಲ್ಲ...”

“ಊರು ಗೊತ್ತಿಲ್ಲ” ಎಂದು ಮುನ್ನೂರು ಗಂಟಲು ಒಟ್ಟಿಗೆ ಕೂಗಿದವು. ಕರ್ಚೀಫುಗಳು, ಟವಲ್ಲುಗಳು ಅವನ ಮೇಲೆ ಬಂದು ಬಿದ್ದವು. ಅದು ಆ ಹಾಡಿಗೆ ಅಭಿಮಾನಿಗಳು ಸಲ್ಲಿಸುತ್ತಿದ್ದ ಹಳೆಯ ಮರ್ಯಾದೆ. ಕಿವಿಯ ನೋವಿಗೆ ಅವನು ಕತ್ತು ಕೊಡವಿದರೆ ಜನ ಶಿಳ್ಳೆ ಹೊಡೆದರು, ಕನ್ನಡಕ ಬಿಡಿಸಿಕೊಳ್ಳಲು ಕುಪ್ಪಳಿಸಿದರೆ ಕುರ್ಚಿಯ ಮೇಲೆ ಹತ್ತಿ ತಾವೂ ಕುಪ್ಪಳಿಸಿದರು. ಕ್ಯಾಸೆಟ್ಟಿನ ಎರಡೂ ಬದಿಯನ್ನು ಅವನು ಉಸಿರು ಬಿಡದೆ ಹಾಡಿದ. ಅಷ್ಟು ಖುಷಿಯನ್ನು ಅವನು ಮದುವೆಯ ದಿನವೂ ಕಂಡಿರಲಿಲ್ಲ.

ಮುಗಿದ ಮೇಲೆ ನಾಲ್ವರೂ ತಡವರಿಸುತ್ತಾ, ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಕೋಣೆ ಸೇರಿದರು. ಶಾಂತರಾಜು ಕಿವಿ ಹೋದರೆ ಹೋಗಲಿ ಎಂದು ಮಂಕರಿ ಕಿತ್ತೆಸೆದು, ಮೂರು ಮಂಕರಿಗಳ ಮುಂದೆ ಅಡ್ಡಬಿದ್ದ.

“ನಾನು ನಿಜವಾದೋನಲ್ಲ ಕಣ್ರಣ್ಣ, ತಪ್ಪಾಯ್ತು. ನಿಮ್ಮ ಜತೆ ನಿಂತ್ಕಂಡ್ನಲ್ಲ, ಅಷ್ಟು ಸಾಕು.”

ಮೊದಲು ಕೀಬೋರ್ಡಿನ ಮಂಕರಿ ಮೇಲೆದ್ದಿತು. ಒಳಗೆ ವಸಂತಮ್ಮ. ಡಬ್ಬದ ಮಂಕರಿಯ ಒಳಗೆ ಕಾರ್ಯಕ್ರಮಕ್ಕೆ ಮೈಕ್‌ಸೆಟ್ ಹಾಕಲು ಬಂದಿದ್ದ ಸ್ವಾಮಿ. ವಿಷಲ್ಲಿನ ಮಂಕರಿಯ ಒಳಗಿಂದ ಗುರುಸ್ವಾಮಿ ಹೊರಬಂದು, ಶಾಂತರಾಜುವನ್ನು ಕಂಡು ಬಾಯಿ ತೆರೆದುಕೊಂಡೇ ನಿಂತ.

“ಲೇ ಕ್ಯಾಸೆಟ್ಟು, ನೀನೇನ್ಲಾ? ನಿನ್ ಕಾಲಿಗಾ ನಾನ್ ಬಿದ್ದಿದ್ದು?”

“ಮಿಕ್ಕೋರು ಬಂದಿಲ್ಲ, ಪಾಪ ಅವ್ರೊಬ್ರೇ ಆಗ್ತಾರೆ ಅಂತ ನಮ್ಮನ್ನ ಎಳ್ಕೊಂಡು ಬಂದ್ರು ಇವ್ರು,” ಎಂದು ವಸಂತಮ್ಮ ಗುರುಸ್ವಾಮಿಯತ್ತ ಕೈ ತೋರಿ ಮೂಗಿನ ಮೇಲಿನ ಸಗಣಿ ಒರೆಸಿಕೊಂಡರು. “ಶಾಲೇಲಿ ಜನಗಣಮನ ನುಡಿಸ್ತಿದ್ದ ಕೈ. ಕಣ್ಣು ಬೇರೆ ಕಾಣ್ಸಲ್ಲ.”

ಅದೇ ಹೊತ್ತಿಗೆ ಹಿಂದಿನ ಬಾಗಿಲು ತಟ್ಟಿದ ಸದ್ದಾಯಿತು. ಬಿಳಿ ಅಂಗಿ ತೊಟ್ಟ ಅರವತ್ತರ ಆಸುಪಾಸಿನ ನಾಲ್ವರು ಒಳಗೆ ಬಂದು ಸಂಕೋಚದಿಂದ ಕೈ ಮುಗಿದರು. ಮುಂದೆ ಇದ್ದವನು ಹನೂರಿನ ಗೊಬ್ಬರದ ಅಂಗಡಿಯ ದೊಡ್ಡಸಿದ್ದಯ್ಯ. ಗುರುಸ್ವಾಮಿ ಇಪ್ಪತ್ತು ವರ್ಷದಿಂದ ಅವನ ಬಳಿಯೇ ಯೂರಿಯಾ ಕೊಳ್ಳುತ್ತಿದ್ದ.

“ಕಾಗ್ದ ಬರ್ದೋರು ನಾವೇಯ,” ಎಂದ ದೊಡ್ಡಸಿದ್ದಯ್ಯ. “ನಾಕು ಜನ್ವೂ ಯಳಂದೂರಲ್ಲಿ ಸೇರ್ಕಂಡು ಬತ್ತಿದ್ವಿ, ದಾರೀಲಿ ಕಬ್ಬಿನ ಟ್ರ್ಯಾಕ್ಟರು ಮಗುಚ್ಕಂಡು ತಡ ಆಗೋಯ್ತು. ಬಂದು ನೋಡುದ್ರೆ ನಾವೇ ಸ್ಟೇಜ್ ಮ್ಯಾಲೆ ಆಡ್ತಾ ಇದ್ದೀವಿ.”

ಶಾಂತರಾಜುವಿನ ಕಣ್ಣಲ್ಲಿ ನೀರು ಬಂತು. ದೇವರು ದೊಡ್ಡವನು. “ಅಣ್ಣಾ, ಜನ ಇನ್ನೂ ಓಗಿಲ್ಲ. ಮಂಕ್ರಿ ಇಲ್ಲೇ ಅವೆ. ಒಂದೇ ಒಂದು ಆಡು ಆಡಿ. ನಾನು ಇದುವರ್ಗೂ ನೋಡೇ ಇಲ್ಲ.”

ದೊಡ್ಡಸಿದ್ದಯ್ಯ ಅವನ ಹೆಗಲ ಮೇಲೆ ಕೈ ಇಟ್ಟ. “ಬ್ಯಾಡ ಕಣಪ್ಪ. ಯಾವಾಗ್ಲೂ ಮಂಕ್ರಿ ಒಳಗಿದ್ದೋರು ನಾವು, ಉಲ್ಟಾ ಮಂಕರಿ ಎಂಗದೆ ಅಂತ ನಮಗೇ ಗೊತ್ತಿರ್ನಿಲ್ಲ. ಇವತ್ತು ನೋಡುದ್ವಿ, ಹೊಟ್ಟೆ ತುಂಬೋಯ್ತು. ನಾವು ಇಷ್ಟು ಚೆಂದಾಗಿ ಆಡ್ತಿರ್ನಿಲ್ಲ. ಈಗ ಓಗಿ ನಾವು ನಿಂತ್ಕಂಡ್ರೆ ಜನ ಡೂಪ್ಲಿಕೇಟು ಅಂದ್ಬುಟ್ಟು ಕಲ್ಲೊಡೀತಾರೆ. ಇನ್ಮೇಲಿಂದ ನೀವೇ ಉಲ್ಟಾ ಮಂಕರಿ. ಪ್ರತಿ ವರ್ಷ ಬಂದು ಮುಂದೆ ಕೂತ್ಕಂಡು ನೋಡ್ತೀವಿ. ಆದ್ರೆ ನಮ್ಮಂಗೇ ಯಾರಿಗೂ ಬಾಯಿ ಬುಡ್ಬಾರ್ದು, ಎಂಡ್ತಿಗೂ ಯೋಳ್ಬಾರ್ದು. ಆಣೆ ಮಾಡಿ.”

ನಾಲ್ವರೂ ಆಣೆ ಮಾಡಿದರು. ಬಾಗಿಲವರೆಗೆ ಹೋದ ದೊಡ್ಡಸಿದ್ದಯ್ಯ ಒಂದು ಗಳಿಗೆ ನಿಂತ. “ಮೂರ್ನೇ ಆಡಲ್ಲಿ ಒಂದು ಸಾಲು ಬುಟ್ಬುಟ್ರಿ.”

“ಕ್ಯಾಸೆಟ್ಟಲ್ಲಿ ಅಂಗೇ ಅದೆ ಅಣ್ಣ,” ಎಂದ ಶಾಂತರಾಜು.

“ಕ್ಯಾಸೆಟ್ಟಲ್ಲಿ ನಾನು ಮರ್ತೋಗಿದ್ದೆ ಕಣಪ್ಪ,” ಎಂದು ಹೇಳಿ ಹೊರಟೇಹೋದ.

ಹೊರಗೆ ಪುಷ್ಪ ಕಾಯುತ್ತಿದ್ದಳು. ಮದುವೆಯಾದಾಗಿನಿಂದ ಆ ಕ್ಯಾಸೆಟ್ಟನ್ನು ಒಲೆಗೆ ಹಾಕುತ್ತೇನೆಂದು ಹೆದರಿಸಿಕೊಂಡು ಬಂದವಳ ಕೂದಲು ಕೆದರಿತ್ತು, ಗಂಟಲು ಕಟ್ಟಿತ್ತು, ಕಣ್ಣು ಹೊಳೆಯುತ್ತಿತ್ತು.

“ಎಲ್ಲೋಗಿದ್ರಿ ನೀವು? ಕುರ್ಚಿ ಕಾದು ಕಾದು ಸಾಕಾಯ್ತು.”

“ಟ್ರ್ಯಾಕ್ಟರು ಮಗುಚ್ಕಂಡಿತ್ತು,” ಎಂದ ಶಾಂತರಾಜು ನೆಲ ನೋಡುತ್ತಾ.

“ಅಂದ್ರೆ ಈ ಸಲಾನೂ ನೋಡ್ನಿಲ್ವಾ? ಅಯ್ಯೋ ನಿಮ್ ಅಣೆಬರವೇ. ಇಷ್ಟು ದಿನ ನಿಮ್ಮನ್ನ ಬೈದಿದ್ದೆಲ್ಲ ತಪ್ಪು ಕಣ್ರೀ. ಆ ನಡುವೆ ನಿಂತಿದ್ರಲ್ಲ, ಅಂತಾ ಗಂಡಸ್ನ ನಾನು ಎಲ್ಲೂ ಕಂಡಿಲ್ಲ. ಏನ್ ಕತ್ತು ಕೊಡವೋದು, ಏನ್ ಕುಣಿಯೋದು. ಅವ್ರ ಎಂಡ್ತಿ ಯಾವಳೋ, ಏಳು ಜನ್ಮದ ಪುಣ್ಯ ಮಾಡವ್ಳೆ.”

ಶಾಂತರಾಜುವಿನ ಬಾಯಿ ತೆರೆದುಕೊಂಡಿತು. ಆಣೆ ನೆನಪಾಗಿ ಮುಚ್ಚಿಕೊಂಡಿತು. ಊದಿದ ಕಿವಿಯನ್ನು ಟವಲ್ಲಿನಲ್ಲಿ ಮರೆಮಾಡಿಕೊಂಡು ಅವನು ಅವಳ ಪಕ್ಕಕ್ಕೆ ಸರಿದ. ಹೊಟ್ಟೆಯೊಳಗಿನ ಆಸೆ ಇನ್ನೂ ಹಾಗೇ ಇತ್ತು.

“ಪರದೆ ಸರಿದಾಗ ಎಂಗ್ ಕಾಣ್ತಿದ್ರು ಪುಷ್ಪ? ಮೊದ್ಲಿಂದ ಯೋಳು, ಒಂದೂ ಬುಡ್ದೆ ಯೋಳು.”

ಪುಷ್ಪ ಅವನನ್ನು ಕನಿಕರದಿಂದ ನೋಡಿ ತಲೆ ಅಲ್ಲಾಡಿಸಿದಳು. “ಯೋಳುದ್ರೆ ಗೊತ್ತಾಗಕಿಲ್ಲ ಬುಡಿ. ಅದ್ನ ಕಣ್ಣಾರೆ ನೋಡ್ಬೇಕಾಗಿತ್ತು.”