ಅಧ್ಯಕ್ಷರ ಚೀಲದ ಎದೆಬಡಿತ

ಧಾರವಾಡದ ನಮ್ಮ ಓಣಿಯ ಶುದ್ಧ ಸಸ್ಯಾಹಾರಿ ಸಂಘದ ಅಧ್ಯಕ್ಷ ವೀರಭದ್ರಪ್ಪನವರು ಮುಂದಿನ ಕುರ್ಚಿಯಲ್ಲಿ ಬಹಳ ಗಂಭೀರವಾಗಿ ಕುಳಿತಿದ್ದರು. ಕುರ್ಚಿಯ ಕೆಳಗೆ ಅವರ ಬಟ್ಟೆಚೀಲ. ಚೀಲದಲ್ಲಿ ಟವೆಲ್ಲು. ಟವೆಲ್ಲಿನೊಳಗೆ ಕೋಳಿಮೊಟ್ಟೆ! ಡಾಕ್ಟರು ತಿನ್ನಲು ಹೇಳಿದ್ದರು. ಹೆಂಡತಿಗೆ ಹೇಳುವ ಧೈರ್ಯ ಸಾಲದೆ, ದೂರದ ಅಂಗಡಿಯಿಂದ ತಂದು, ಇದೇ ಓಣಿಯಲ್ಲಿದ್ದ ಭಾವಮೈದುನ ಗುರುಬಸುವಿನ ಪ್ರಯೋಗಶಾಲೆಯಲ್ಲಿ ಕದ್ದು ಬೇಯಿಸಿಕೊಳ್ಳುತ್ತಿದ್ದರು. ಇವತ್ತು ಬೇಯಿಸುವ ಮೊದಲೇ ಆತನ ಹೊಸ ಯಂತ್ರ ನೋಡಲು ಅಲ್ಲಿ ಜನ ಸೇರಿಬಿಟ್ಟಿದ್ದರು.

ಮೊಟ್ಟೆಗಿಂತ ಹೆಚ್ಚಾಗಿ ಅವರನ್ನು ಚುಚ್ಚುತ್ತಿದ್ದವನು ಹಿಂದಿನ ಸಾಲಿನ ಚಂಬಣ್ಣ. ಮೊಮ್ಮಗಳ ಹುಟ್ಟುಹಬ್ಬದಲ್ಲಿ ಗೊತ್ತಿಲ್ಲದೆ ಮೊಟ್ಟೆ ಹಾಕಿದ ಕೇಕು ತಿಂದನೆಂದು ಆತನನ್ನು ಸಂಘದಿಂದ ಹೊರಹಾಕಿದ್ದು ಇದೇ ವೀರಭದ್ರಪ್ಪನವರು. ಅಂದು ತಾವು ಬಿಗಿದ ಭಾಷಣ ನೆನಪಾದರೆ ಅವರಿಗೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು.

"ಇಲ್ಲಿ ನೋಡ್ರೀ!" ಗುರುಬಸು ತನ್ನ ಯಂತ್ರದ ಬೆನ್ನು ತಟ್ಟಿದ. "ಒಳಗ ಹೆಣ್ಣಿಲಿ ತತ್ತಿ, ಅಂದ್ರ ಅಂಡಾಣು ಅದಾವು. ಗಂಡಿಲಿ ಮಾರಿನೂ ನೋಡಿಲ್ಲ. ನನ್ನ ಯಂತ್ರ ಅವಕ್ಕ 'ಏಳ್ರಿ, ಕೆಲಸಕ್ಕ ಹತ್ರಿ' ಅಂತದ. ತತ್ತಿ ಒಡದು ಎರಡಾಗತದ, ನಾಕಾಗತದ, ಸಣ್ಣ ಗುಂಡಾಗತದ. ಅದರೊಳಗ ಸಿಗೂದ ಆಕರಕೋಶ, ಅಂದ್ರ ಸ್ಟೆಮ್ ಸೆಲ್! ಹೃದಯ ಬೇಕಂದ್ರ ಹೃದಯ, ನರ ಬೇಕಂದ್ರ ನರ!"

"ಮರಿ ಹುಟ್ಟತಾವೇನೋ ತಮ್ಮಾ?" ಎಂದು ವೀರಭದ್ರಪ್ಪನವರ ಹೆಂಡತಿ ನೀಲವ್ವ ಗಾಬರಿಯಾಗಿ ಕೇಳಿದರು.

"ಇಲ್ಲಕ್ಕಾ. ಅಪ್ಪನ ಕಡಿಂದ ಬರಬೇಕಾದ ಗುರುತು ಇರೂದಿಲ್ಲ, ಅರ್ಧಕ್ಕ ನಿಲ್ಲತದ. ಮರಿ ಇಲ್ಲ, ಹಿಂಸೆ ಇಲ್ಲ! ಅದಕ್ಕ ಮಾವಾರನ್ನ ಕರದು ಕುಂಡ್ರಿಸೇನಿ."

ಚಪ್ಪಾಳೆ ಬಿತ್ತು. ಗುರುಬಸು ಗುಂಡಿಯನ್ನು 'ಹೃದಯ'ಕ್ಕೆ ತಿರುಗಿಸಿದ. ಇಲಿಯ ತತ್ತಿ ಅಲುಗಾಡಲಿಲ್ಲ. ಸಿಟ್ಟಿಗೆದ್ದು ಪೂರ್ತಿ ತಿರುಗಿಸಿದ. ಯಂತ್ರ ಓಣಿಗೆಲ್ಲ ಕೇಳುವಂತೆ ಹುಚ್ಚೆದ್ದು ಕಿರುಚಿತು. ಆಮೇಲೆ ನಿಶ್ಶಬ್ದ.

ಢಬ್. ಢಬ್. ಢಬ್.

ಎಲ್ಲರೂ ಅಧ್ಯಕ್ಷರ ಕುರ್ಚಿಯ ಕೆಳಗೆ ನೋಡಿದರು. ಚೀಲ ಕುಣಿಯುತ್ತಿತ್ತು!

"ಅದು... ಗಡಿಯಾರ," ಎಂದರು ವೀರಭದ್ರಪ್ಪ. ಎದೆ ಹಾರತೊಡಗಿತು. ಎದೆ ಹಾರಿದಂತೆ ಚೀಲವೂ ಢಬಢಬ ಎಂದು ಓಡತೊಡಗಿತು.

"ಹೃದಯದ ಕೋಶ! ಹತ್ತಿರದ ಎದಿ ತಾಳ ಹಿಡದಾವು!" ಗುರುಬಸು ಕುಣಿದಾಡಿದ. "ಮಾವಾರ, ಇನ್ನೊಂದು ಸುಳ್ಳು ಹೇಳ್ರಿ, ನೋಡೂಣು!"

ಅಷ್ಟರಲ್ಲಿ ಚೀಲವೇ ನೆಗೆದು ನೀಲವ್ವನ ಮಡಿಲಿಗೆ ಬಿತ್ತು. ಆಕೆ ಟವೆಲ್ಲು ಬಿಚ್ಚಿದರು. ಮಿಡಿಯುವ ಮೊಟ್ಟೆಗಳು ಎಲ್ಲರಿಗೂ ಕಂಡವು.

"ಡಾಕ್ಟ್ರು ಹೇಳಿದ್ರು," ಎಂದು ವೀರಭದ್ರಪ್ಪ ತಲೆ ತಗ್ಗಿಸಿದರು.

"ನನಗೊಂದು ಮಾತು ಹೇಳಿದ್ರ ನಾನ ಕುದಿಸಿ ಕೊಡತಿದ್ನೆಲ್ರೀ," ಎಂದರು ನೀಲವ್ವ, ಮೆಲ್ಲಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ, ಈ ಮಾತಿಗೆ ಅವರು ನಾಚಿಕೆಯಿಂದ ಕುಗ್ಗಿಹೋದರು.

"ಛೀ! ಇಂಥಾವ್ರು ನಮ್ಮ ಅಧ್ಯಕ್ಷರು!" ಖಜಾಂಚಿ ಎದ್ದು ನಿಂತು ಗುಡುಗಿದ. ಸದಸ್ಯರೆಲ್ಲ ಗದ್ದಲವೆಬ್ಬಿಸಿದರು.

ಆಗ ಕಿಟಕಿಯಾಚೆಯಿಂದ ಸದ್ದು ಬಂತು. ಢಬ್. ಢಬ್. ಖಜಾಂಚಿಯ ಮನೆಯೊಳಗಿಂದ! ಪಕ್ಕದ ಕಾರ್ಯದರ್ಶಿಯ ಮನೆಯಿಂದ ಅದಕ್ಕೆ ಉತ್ತರ ಬಂತು. ಫ್ರಿಜ್ಜುಗಳು, ಕಪಾಟುಗಳು, ಅಕ್ಕಿಡಬ್ಬಿಗಳು, ಇಡೀ ಓಣಿಯೇ ಮಿಡಿಯುತ್ತಿತ್ತು. ಕಿಟಕಿಯ ಗಾಜು ನಡುಗಿ ಯಾರದೋ ಮನೆಯ ಹಂಚು ಜಾರಿ ಬಿತ್ತು.

ಸದಸ್ಯರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಜಾಗ ಖಾಲಿ ಮಾಡಿದರು. ವೀರಭದ್ರಪ್ಪನವರು ಹೊಸ್ತಿಲಿಗೆ ಬಂದು ಕಿವಿಗೊಟ್ಟರು. ಓಣಿಯಲ್ಲಿ ಒಂದೇ ಒಂದು ಮನೆ ಸುಮ್ಮನಿತ್ತು. ಅದು ಚಂಬಣ್ಣನ ಮನೆ.

ಅವರಿಗೆ ಕಣ್ಣು ತುಂಬಿ ಬಂತು. ತಿರುಗಿ ಬಂದು ಕೈ ಮುಗಿದರು. "ಚಂಬಣ್ಣಾ, ನನ್ನದು ದೊಡ್ಡ ತಪ್ಪಾತು. ನೀ ಸಂಘಕ್ಕ ತಿರುಗಿ ಬಾ. ಅಧ್ಯಕ್ಷ ನೀನ ಆಗಪಾ."

ಚಂಬಣ್ಣ ಹೆಗಲ ಮೇಲಿನ ಟವೆಲ್ಲು ಸರಿಪಡಿಸಿಕೊಂಡು ಎದ್ದ.

"ಒಲ್ಲೆರೀ," ಎಂದ. "ಇಂಥಾ ಸಂಘ ಸೇರಿದ್ರ ಮಂದಿ ನನ್ನ ಬಗ್ಗೆ ಏನ್ ತಿಳ್ಕೋತಾರ?"