ಅಕ್ಕಯಮ್ಮನ ಅವರೆಕಾಯಿ ಮರ

ಮರ ಹೂ ಬಿಟ್ಟಿದ್ದು ಗುರುಸಿದ್ದನ ಕಣ್ಣಿಗೆ ಬಿದ್ದಾಗ ಅವನ ಬಾಯಿ ತುಂಬ ಟೂತ್‌ಪೇಸ್ಟ್ ನೊರೆ ಇತ್ತು. ಒಂದೇ ಒಂದು ಗೊಂಚಲು. ಎಲೆಗಳ ನಡುವಿನಿಂದ ಮೊಳದುದ್ದ ಕೆಳಗಿಳಿದು, ಮದುವೆ ಛತ್ರದ ತೂಗುದೀಪದ ಹಾಗೆ ಜೋಲಾಡುತ್ತಿತ್ತು. ಕೆಂಪು ಎಸಳು, ತುದಿಯಲ್ಲಿ ಹಳದಿ ಬೊಟ್ಟು. ಖುಷಿಗೆ ಕೂಗಲು ಹೋಗಿ ಅರ್ಧ ಪೇಸ್ಟ್ ನುಂಗಿಬಿಟ್ಟ.

ಐದು ವರ್ಷದಿಂದ ಕಾದಿದ್ದ ಹೂವು, ಸರಿಯಾಗಿ ಮರ ಕಡಿಸುವ ದಿನವೇ ಅರಳಿತ್ತು!

ಗದಗದಿಂದ ಬಂದು ಜರಗನಹಳ್ಳಿಯಲ್ಲಿ ಅಕ್ಕಯಮ್ಮನವರ ಹಿತ್ತಲ ರೂಮಿಗೆ ಬಾಡಿಗೆಗೆ ಸೇರಿದ ವಾರವೇ ಅವನು ನರ್ಸರಿಯಿಂದ ಆ ಆಮ್‌ಹರ್ಸ್ಟಿಯಾ ಗಿಡ ತಂದಿದ್ದ. ಬರ್ಮಾದ ಮಳೆಕಾಡಿನ ಮರ, ಕಾಡಿನಲ್ಲೇ ಹುಡುಕಿದರೂ ಸಿಗುವುದು ಅಪರೂಪ. ಇದನ್ನೆಲ್ಲ ಹೇಳಿದ್ದರೆ ಅಕ್ಕಯಮ್ಮ “ಬರ್ಮಾಕ್ಕೇ ಹೋಗಿ ನೆಡು” ಅನ್ನುತ್ತಿದ್ದರು. ಅದಕ್ಕೇ ಇದ್ದ ಸತ್ಯಗಳಲ್ಲಿ ಅವನು ಕೆಲಸಕ್ಕೆ ಬರುವ ಒಂದನ್ನು ಮಾತ್ರ ಆರಿಸಿಕೊಂಡಿದ್ದ.

“ಅಮ್ಮಾರ, ಇದು ಅವರಿಕಾಯಿ ಕುಲದ್ದ ಐತ್ರಿ.”

ಇದೇ ಜಾಗದಲ್ಲಿ ಹಿಂದೆ ರಾಗಿ ಸಾಲುಗಳ ಮಧ್ಯೆ ಅವರೆ ಬೆಳೆದಿದ್ದ ಅಕ್ಕಯಮ್ಮನವರ ಮುಖ ಅರಳಿತ್ತು. “ಅವರೆನಾ? ಮರದಲ್ಲಿ? ನೆಡಪ್ಪ ನೆಡು! ಹಿತಕಬೇಳೆ ಸಾರಿಗಾಯ್ತು.”

ಐದು ವರ್ಷವಾದರೂ ಒಂದು ಹಿಡಿ ಕಾಯಿಯೂ ಬರಲಿಲ್ಲ. ಸಾಲದ್ದಕ್ಕೆ ಆ ಮರದ ಚಿಗುರು ಒದ್ದೆ ಬಟ್ಟೆ ಒಣಹಾಕಿದ ಹಾಗೆ ಸೋತು ನೇತಾಡುತ್ತಿತ್ತು. “ಇದಕ್ಕೇನೋ ಕಾಯಿಲೆ ಕಣೋ” ಎಂದು ಅಕ್ಕಯಮ್ಮ ಕೊರಗುತ್ತಿದ್ದಾಗಲೇ ಮೊಮ್ಮಗ ರಘು ಕಾರು ಕೊಂಡ. ಕಾರಿಗೆ ಜಾಗ ಬೇಕಾಯಿತು.

“ಶುಕ್ರವಾರ ನಾಲ್ಕು ಗಂಟೆಗೆ ಬೈರಣ್ಣ ಗರಗಸ ತರ್ತಾನೆ. ಅಷ್ಟರೊಳಗೆ ಒಂದು ಹೂವಾದ್ರೂ ತೋರ್ಸು. ಹೂ ಬಂದ್ರೆ ಕಾಯಿ ಬರುತ್ತೆ ಅಂತ ನಾನೂ ಕಾಯ್ತೀನಿ” ಎಂದು ಅವರು ಕೊನೆ ಮಾತು ಹೇಳಿಬಿಟ್ಟಿದ್ದರು.

ಇವತ್ತೇ ಶುಕ್ರವಾರ. ಗುರುಸಿದ್ದ ಬಾಯಿ ತೊಳೆಯದೇ ಮೆಟ್ಟಿಲು ಹತ್ತಿ ಓಡಿದ. ಅಕ್ಕಯಮ್ಮನವರ ಮನೆಗೆ ಬೀಗ. ಫೋನ್ ಮಾಡಿದರೆ ಅದು ಬಾಗಿಲ ಹಿಂದೆಯೇ ಟ್ರಿಣ್ ಟ್ರಿಣ್ ಅಂದಿತು.

“ಪದ್ಮನಾಭನಗರಕ್ಕೆ ಗೃಹಪ್ರವೇಶಕ್ಕೆ ಹೋದ್ರು. ಬರೋದು ನಾಲ್ಕರ ಮೇಲೇನೇ” ಎಂದರು ಪಕ್ಕದ ಮನೆ ಕಮಲಾದೇವಿ, ಕಾಂಪೌಂಡಿನ ಮೇಲಿಂದ.

ಅಂದರೆ ಅಲ್ಲಿಯವರೆಗೆ ಈ ಗೊಂಚಲನ್ನು ಕಾಯಬೇಕು. ಗುರುಸಿದ್ದ ಬಿಟಿಎಂನಲ್ಲಿದ್ದ ತನ್ನ ಆಫೀಸಿಗೆ ಜ್ವರವೆಂದು ಮೆಸೇಜ್ ಹಾಕಿ ತಿರುಗುವಷ್ಟರಲ್ಲಿ ಗೇಟಿನ ಬಳಿ ಒಂದು ಕೊಡೆ ಕಾಣಿಸಿತು. ಮೊದಲು ಕೊಡೆ, ಆಮೇಲೆ ಎದುರುಮನೆಯ ಗುಂಡಣ್ಣ.

ಗುಂಡಣ್ಣ ದಿನಾ ಬೆಳಿಗ್ಗೆ ಕೊಡೆಯನ್ನು ತಲೆಕೆಳಗಾಗಿ ಹಿಡಿದು, ಅದರ ಕೊಕ್ಕೆಯಿಂದ ಊರವರ ಕೊಂಬೆ ಬಗ್ಗಿಸಿ ಪೂಜೆಗೆ ಹೂ ಕೀಳುವವರು. ಅವರ ಮನೆಯಲ್ಲೇ ಹದಿನಾಲ್ಕು ಕುಂಡ ದಾಸವಾಳ ಇತ್ತು. ಅದಕ್ಕೆ ಕೈ ಹಚ್ಚುತ್ತಿರಲಿಲ್ಲ. ದೇವರಿಗೂ ಪರರ ಮನೆಯ ಹೂವೇ ರುಚಿ ಎಂಬುದು ಅವರ ಲೆಕ್ಕ.

“ಏನಪ್ಪಾ ಗುರುಸಿದ್ದ, ಸಖತ್ತಾಗಿದೆ ಹೂವು!” ಕೊಕ್ಕೆ ಗೊಂಚಲಿನತ್ತ ಏರಿತು.

“ಮುಟ್ಟಬ್ಯಾಡ್ರಿ!” ಗುರುಸಿದ್ದ ಕಿರುಚಿದ. “ಅದು... ಅದು ವನದೇವಿ ಹೂವ್ರಿ. ಅದನ್ನ ಕೀಳೂದಿಲ್ರಿ, ಕೈ ಮುಗೀತಾರ್ರಿ.”

“ಕಿತ್ತರೆ?”

“ಕಿತ್ತವ್ರಿಗೆ ಮೊಣಕಾಲು ಹಿಡ್ಕೊಂತಾವ್ರಿ.”

ಗುಂಡಣ್ಣನ ಮುಖ ಬಿಳಿಚಿತು. “ಅಯ್ಯೋ! ನಂದು ಆರು ತಿಂಗಳಿಂದ ಹಿಡ್ಕೊಂಡಿದೆಯಲ್ಲೋ! ಹಾಗಾದ್ರೆ ಎಲ್ಲೋ ಒಂದ್ಕಡೆ ಕಿತ್ತಿದೀನಿ ಕಣೋ!” ಕೊಡೆ ಕೆಳಗಿಟ್ಟು ಅಲ್ಲೇ ಎರಡೂ ಕೆನ್ನೆ ಬಡಿದುಕೊಂಡರು.

ಬದುಕಿದೆ ಎಂದುಕೊಂಡ ಗುರುಸಿದ್ದ. ಆದರೆ ಹತ್ತೇ ನಿಮಿಷದಲ್ಲಿ ಕಮಲಾದೇವಿ ಮಡಿಯುಟ್ಟು, ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದೇಬಿಟ್ಟರು. ಕಾಂಡಕ್ಕೆ ಧಾರಾಳವಾಗಿ ಬಳಿದ ಮೇಲೆ ಅವರ ಕಣ್ಣು ಪಕ್ಕದ ಕೊಂಬೆಯ ಮೇಲೆ ನಿಂತಿತು. ಅಲ್ಲೊಂದು ಬಟ್ಟೆಯ ಗಂಟಿತ್ತು. ಎರಡು ತಿಂಗಳ ಹಿಂದೆ ಕಾರಿನ ಸುದ್ದಿ ಕಿವಿಗೆ ಬಿದ್ದ ದಿನವೇ ಗುರುಸಿದ್ದ, ಮರ ಹೋದರೂ ಒಂದು ಮರಿಯಾದರೂ ಉಳಿಯಲಿ ಎಂದು, ಕೊಂಬೆಯ ತೊಗಟೆ ಕೆರೆದು ಹಸಿಮಣ್ಣು ಮೆತ್ತಿ ಬೇರು ಬರಲೆಂದು ಕಟ್ಟಿದ್ದ ಗಂಟು ಅದು.

“ಹರಕೆ ಕಟ್ಟಿದೀಯಾ? ನೆರವೇರ್ತಾ?”

“ಇನ್ನೂ... ನಡದೈತ್ರಿ.”

ಅಷ್ಟೇ ಸಾಕಾಯಿತು. ಏರಿಯಾದ ವಾಟ್ಸಾಪ್ ಗ್ರೂಪಿಗೆ ಫೋಟೊ ಹೋಯಿತು. ಹನ್ನೊಂದು ಗಂಟೆಗೆ ಗೇಟಿನವರೆಗೆ ಕ್ಯೂ. ಹನ್ನೆರಡಕ್ಕೆ ಮರದ ತುಂಬ ಹರಕೆ ಗಂಟುಗಳು. ಒಬ್ಬರಿಗೆ ಸೈಟ್ ಖಾತೆ ಆಗಬೇಕಿತ್ತು, ಇನ್ನೊಬ್ಬರಿಗೆ ಸೊಸೆ ಮಾತು ಕೇಳಬೇಕಿತ್ತು. ಯಾರೋ ಪಾನಕ ಹಂಚಲು ಶುರುಮಾಡಿದರು.

ಊದುಬತ್ತಿಯ ಹೊಗೆಗೆ ಹೂವು ಬಾಡೀತೆಂದು ಗುರುಸಿದ್ದ ಟವೆಲ್ಲಿನಿಂದ ಬೀಸತೊಡಗಿದ. “ನೋಡ್ರೀ, ಚಾಮರ ಸೇವೆ!” ಎಂದರು ಗುಂಡಣ್ಣ. ಮರುಕ್ಷಣ ಇಪ್ಪತ್ತು ಜನ ಟವೆಲ್, ಸೆರಗು, ಹಳೇ ಕ್ಯಾಲೆಂಡರ್ ಹಿಡಿದು ಬೀಸಿದರು. ಆ ಗಾಳಿಗೆ ಗೊಂಚಲು ಗಿರಗಿರ ತಿರುಗಿತು, ಜೊತೆಗೆ ಗುರುಸಿದ್ದನ ಜೀವವೂ.

“ದೇವಿ ಮೊದ್ಲು ಒಲಿದಿದ್ದು ನಿನಗೆ, ನೀನೇ ಆರತಿ ಎತ್ತಪ್ಪ” ಎಂದು ಕಮಲಾದೇವಿ ತಟ್ಟೆ ಕೈಗಿಟ್ಟರು. ಎತ್ತಿದ. ಅದರ ವಿಡಿಯೊವೂ ಎಲ್ಲೆಡೆ ಹೋಯಿತು. ಐದೇ ನಿಮಿಷಕ್ಕೆ ಆಫೀಸಿನ ಬಾಸ್ ರಾಜಶ್ರೀ ಮೇಡಂ ಮೆಸೇಜ್: “ಜ್ವರದಾಗ ಮಂಗಳಾರತಿ ಭಾರಿ ಎತ್ತಾಕತ್ತೀರಿ.” ಹಿಂದೆಯೇ ಇನ್ನೊಂದು: “ನನ್ನ ಪ್ರಮೋಷನ್ನಿಗೂ ಒಂದ ಗಂಟು ಕಟ್ರಿ.”

ಸರಿಯಾಗಿ ನಾಲ್ಕಕ್ಕೆ ಬೈರಣ್ಣ ಬಂದ, ಹೆಗಲ ಮೇಲೆ ಗರಗಸ. ಜನವನ್ನು ಸೀಳಿಕೊಂಡು ಮುಂದೆ ಬಂದವನು ಕಾಂಡ ನೋಡಿದ ಕೂಡಲೇ ಚಪ್ಪಲಿ ಕಳಚಿದ.

“ಅರಿಶಿನ ಕುಂಕುಮ ಬಿದ್ದ ಮರಾನ ನಾನು ಕಡಿಯಲ್ಲ ಸಾರ್. ನಾನೂ ಮಕ್ಕಳೊಂದಿಗ.”

ಗುರುಸಿದ್ದನಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು, ಗರಗಸ ಅಡ್ಡ ಬಂತು. ಅಷ್ಟರಲ್ಲಿ ಆಟೊ ನಿಂತ ಸದ್ದು. ರೇಷ್ಮೆ ಸೀರೆಯ ಅಕ್ಕಯಮ್ಮ, ಕೈಯಲ್ಲಿ ತಾಂಬೂಲದ ಚೀಲ.

“ಅಮ್ಮಾರ, ಹೂ ಬಿಟ್ಟೈತ್ರಿ! ನೋಡ್ರಿ!”

ಅಕ್ಕಯಮ್ಮ ನೋಡಿದರು. ಹೂವು, ಕುಂಕುಮ, ಗಂಟುಗಳು, ಕೈಮುಗಿದು ನಿಂತ ಇಡೀ ಬೀದಿ. ಚೀಲ ಕೈಜಾರಿ ತೆಂಗಿನಕಾಯಿ ಉರುಳಿತು.

“ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ! ಹಿತಕಬೇಳೆ ಆಸೆಗೆ ತಾಯೀನೇ ಕಡಿಸೋಕೆ ಹೋಗಿದ್ನಲ್ಲಪ್ಪ! ಇನ್ಮೇಲೆ ಈ ಮರದ ಒಂದು ಎಲೇನೂ ಯಾರೂ ಮುಟ್ಟಂಗಿಲ್ಲ!”

ಜನ ಚಪ್ಪಾಳೆ ತಟ್ಟಿದರು. ಗುರುಸಿದ್ದನ ಕಣ್ಣು ತುಂಬಿ ಬಂತು. ಮರ ಉಳಿಯಿತು! ಒದ್ದೆ ಕಣ್ಣಲ್ಲೇ ನೋಡಿದ. ಅಕ್ಕಯಮ್ಮ ಈಗ ಮರವನ್ನಲ್ಲ, ಅದರ ಹಿಂದಿನದನ್ನು ದಿಟ್ಟಿಸುತ್ತಿದ್ದರು.

“ತಾಯಿ ಬೆನ್ನಿಗೇ ಇದೇನೋ ಇದು?”

“ನನ್ನ ಬಚ್ಚಲ್ರಿ.”

“ಛೆ ಛೆ! ಜನ ಸುತ್ತು ಬರೋಕೆ ಜಾಗ ಬೇಡ್ವಾ? ರಘು ಕಾರಿಗೂ ಆಯ್ತು. ಬೈರಣ್ಣ, ಹೆಂಗೂ ಬಂದಿದೀಯ, ಸುತ್ತಿಗೆ ಐತಾ?”

“ಗಾಡೀಲೈತೆ ಕಣಮ್ಮ.”

“ಭಾನುವಾರ ಆ ರೂಮು, ಬಚ್ಚಲು ಎರಡೂ ಕೆಡವಿಬಿಡು. ಗುರುಸಿದ್ದ ನಮ್ಮ ಹುಡುಗ, ಬೇಜಾರು ಮಾಡ್ಕೊಳ್ಳಲ್ಲ. ಅವನದೇ ದೇವರಲ್ವಾ?”

ಎಲ್ಲರೂ ಅವನತ್ತ ತಿರುಗಿದರು. ದೇವಿಯ ಬೆನ್ನಿಗೆ ತನ್ನ ಬಚ್ಚಲು ಇರಲಿ ಎಂದು ಯಾವ ಬಾಯಿಂದ ಹೇಳುವುದು? ಆರತಿ ತಟ್ಟೆ ಇನ್ನೂ ಅವನ ಕೈಯಲ್ಲೇ ಇತ್ತು.

ಭಾನುವಾರ ಬೆಳಿಗ್ಗೆ ನಲವತ್ತು ಹರಕೆಗಳ ನಡುವೆ ತನ್ನ ಗಂಟನ್ನು ಹುಡುಕುವಷ್ಟರಲ್ಲಿ ಗುರುಸಿದ್ದನಿಗೆ ಬೆವರಿಳಿಯಿತು. ಅಕ್ಕಯಮ್ಮನಿಗೆ “ನನ್ನ ಹರಕಿ ನೆರವೇರೈತ್ರಿ, ಇದು ತಾಯಿ ಪ್ರಸಾದ್ರಿ” ಎಂದು ಹೇಳಿ ಕೊಂಬೆ ಸಮೇತ ಕತ್ತರಿಸಿ ಬಕೆಟ್ಟಿಗಿಟ್ಟುಕೊಂಡ. ಬಟ್ಟೆಯ ಸಂದಿಯಿಂದ ಬಿಳೀ ಬೇರುಗಳು ಇಣುಕುತ್ತಿದ್ದವು.

ಟ್ರಂಕು, ಚಾಪೆ, ಬಕೆಟ್ಟಿನೊಂದಿಗೆ ರಸ್ತೆ ದಾಟಿದ. ಮಹಡಿಯ ರೂಮು ಕೊಡಲು ಗುಂಡಣ್ಣ ಒಪ್ಪಿದ್ದರು.

“ಒಂದೇ ಕಂಡೀಷನ್ ಕಣಪ್ಪ. ಮರ ಗಿರ ಏನೂ ನೆಡೋ ಹಾಗಿಲ್ಲ. ಮನೆ ತುಂಬ ಜನ ಬಂದ್ರೆ ನನ್ನ ದಾಸವಾಳ ಉಳಿಯಲ್ಲ.” ಅವರ ದೃಷ್ಟಿ ಬಕೆಟ್ಟಿನ ಮೇಲೆ ಬಿತ್ತು. “ಅದೇನದು, ಎಲೆ ಎಲ್ಲ ಜೋತುಬಿದ್ದಿದೆ?”

ಗುರುಸಿದ್ದ ಹಿಂತಿರುಗಿ ನೋಡಿದ. ಎದುರಿಗೆ ಬೈರಣ್ಣನ ಸುತ್ತಿಗೆಯ ಧೂಳು ಏಳುತ್ತಿತ್ತು. ಆ ಧೂಳಿನ ಮೇಲೆ, ಇನ್ನೊಂದು ಕೊಂಬೆಯಲ್ಲಿ ಹೊಸ ಗೊಂಚಲೊಂದು ಮೊಗ್ಗು ಬಿಚ್ಚುತ್ತಿತ್ತು.

“ಇದಾ? ಇದು ಅವರಿಕಾಯಿ ಕುಲದ್ದ್ರಿ.”

ಗುಂಡಣ್ಣನ ಕಣ್ಣು ಮಿಂಚಿತು. “ಅವರೆನಾ? ಮೊದ್ಲೇ ಹೇಳ್ಬಾರ್ದಾ! ಬಾ ಬಾ, ಹಿತ್ತಲಲ್ಲಿ ಜಾಗ ಇದೆ.”